ಸ್ಟೇರಿಂಗಿನ ಹಿಂದಿನ ಹಳದಿ ಗಿಂಡಿ

ನನ್ನ ಕಾರಿನ ಸ್ಟೇರಿಂಗಿನ ಹಿಂದೆ ಒಂದು ಗಿಂಡಿ ಇದೆ. ಕಿರುಬೆರಳಿನ ಉಗುರಿನಷ್ಟು ಗಾತ್ರ, ಅರಿಶಿನದ ಬಣ್ಣ, ಪಕ್ಕಕ್ಕೊಂದು ಮೂತಿ. ಬಲ್ಲವರು ಅದನ್ನು ಇಂಜಿನ್ನಿನ ಚಿತ್ರವೆನ್ನುತ್ತಾರೆ. ನನ್ನ ಕಣ್ಣಿಗೆ ಅದು ನಮ್ಮ ದೇವರ ಕೋಣೆಯ ಹಿತ್ತಾಳೆ ಗಿಂಡಿಯ ತದ್ರೂಪು. ಇಂಜಿನ್ನಿನಲ್ಲಿ ಏನಾದರೂ ಅಪಚಾರ ನಡೆದರೆ ಅದು ಹೊತ್ತಿಕೊಳ್ಳುತ್ತದೆ. ಅಪಚಾರ ಯಾರದು ಎಂದು ಮಾತ್ರ ಹೇಳುವುದಿಲ್ಲ. ಹೀಗೆ ಅರ್ಧ ದೂರು ಕೊಟ್ಟು ಸುಮ್ಮನಾಗುವವರನ್ನು ನೀವೂ ಕಂಡಿರುತ್ತೀರಿ, ಸ್ನೇಹಿತರೇ. ಉಳಿದರ್ಧವನ್ನು ಊಹಿಸಿಕೊಂಡೇ ನಾವು ಕೆಡುವುದು.

ಊಹೆಯಲ್ಲಿ ನಾನು ಸಾಮಾನ್ಯನಲ್ಲ. ಚನ್ನಗಿರಿಯ ನೋಂದಣಿ ಕಚೇರಿಯೆದುರು ಮೇಜು ಹಾಕಿಕೊಂಡು ಮೂವತ್ತು ವರ್ಷ ಕ್ರಯಪತ್ರ, ವಿಭಾಗಪತ್ರ ಬರೆದವನಿಗೆ, ಅಣ್ಣತಮ್ಮಂದಿರು ಒಂದೇ ಚಹಾವನ್ನು ಹಂಚಿಕೊಂಡು ಕುಡಿದರೂ ಅದರ ಹಿಂದೆ ಒಂದೆಕರೆ ಜಮೀನು ಕಾಣಿಸುತ್ತದೆ. ಹೊಸ ಕಾರಿನಲ್ಲಿ ಗಿಂಡಿ ಮೊದಲು ಹೊತ್ತಿದ್ದು ಹೊನ್ನಾಳಿಯಲ್ಲಿ ಪೆಟ್ರೋಲು ತುಂಬಿಸಿದ ಮೇಲೆ. ಒಂದು ತಿಂಗಳು ಇಡೀ ಹೊನ್ನಾಳಿಯನ್ನು ಸಂಶಯದಿಂದ ನೋಡಿದೆ. ಎರಡನೆಯ ಸಲ ಜಗಳೂರಿಗೆ ಹೋಗುವಾಗ, ಬಿಳಿಚೋಡು ದಾಟಿದ ಮೇಲೆ ಹೊತ್ತಿತು. ಅಪವಾದ ಅಲ್ಲಿನ ಧೂಳಿನ ತಲೆಗೆ ಹೋಯಿತು. ಮೂರನೆಯ ಸಲ ನಮ್ಮ ಮನೆಯ ಗೇಟಿನಲ್ಲೇ ಹೊತ್ತಿದಾಗ ಧೂಳೂ ಇರಲಿಲ್ಲ, ಹೊನ್ನಾಳಿಯ ಪೆಟ್ರೋಲೂ ಇರಲಿಲ್ಲ. ಉಳಿದವನು ಪರಸಪ್ಪ.

ಪರಸಪ್ಪ ನನ್ನ ಹಳೆಯ ಜೀಪನ್ನು ಇಪ್ಪತ್ತು ವರ್ಷ ಬದುಕಿಸಿಟ್ಟ ಮೆಕ್ಯಾನಿಕ್, ಸಂಜೆಯ ಚಹಾಕ್ಕೆ ಜೊತೆಗಾರ. ಪ್ರತಿ ಸಲವೂ ಅವನ ಸ್ಕ್ಯಾನರು ಒಂದೇ ಸಂಖ್ಯೆ ತೋರಿಸುತ್ತಿತ್ತು: ಮೂರನೆಯ ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲವೆಂದು ಅದರರ್ಥ. ಬಿಚ್ಚಿ, ಒರೆಸಿ, ಮುಚ್ಚಿದರೆ ಗಿಂಡಿ ಆರುತ್ತಿತ್ತು. ತಿಂಗಳಿಗೆ ಮತ್ತೆ ಅದೇ ಸಂಖ್ಯೆ.

"ಯಜಮಾನ್ರೆ, ಕಿಡಿ ಕೊಡೋ ಕಾಯಿಲ್ ಗುಂಡ್ಯಾಗೆ ನೀರು ನಿಂತೈತೆ. ಇಂಜಿನ್ ಮೇಲೆ ನೀರು ಹಾಕ್ತೀರೇನು?" ಎಂದ ಮೂರನೆಯ ಸಲ.

"ಒಂದು ಹನಿ ಹಾಕಿದ್ರೆ ಕೇಳು. ಬರೀ ಒಣಬಟ್ಟೆ."

"ಮತ್ತೆ ನೀರು ಎಲ್ಲಿಂದ ಬಂತ್ರಿ? ಒಳಗೆ ಬೋರು ಕೊರ್ಸೀರೇನು?"

ಗ್ಯಾರೇಜಿನಲ್ಲಿದ್ದ ನಾಲ್ಕು ಜನ ನಕ್ಕರು. ನಾನು ನಗಲಿಲ್ಲ. "ನೀರು ತೋರ್ಸೋನೂ ನೀನೇ, ಒರ್ಸೋನೂ ನೀನೇ. ತಿಂಗ್ಳಿಗೊಮ್ಮೆ ಗಿರಾಕಿ ಗ್ಯಾರಂಟಿ, ಅಲ್ವೇನಪ್ಪಾ?" ಎಂದುಬಿಟ್ಟೆ.

ಅವನು ಕೈ ಒರೆಸಿಕೊಂಡ. "ಬೇರೆ ಕಡೆ ತೋರಿಸ್ರಿ," ಎಂದು ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ಒಳಗೆ ಹೋದ. ಇಪ್ಪತ್ತು ವರ್ಷದಲ್ಲಿ ಅವನು ಕೀಲಿಯನ್ನು ನನ್ನ ಅಂಗೈಗೆ ಕೊಡದೆ ಹೋದದ್ದು ಅದೇ ಮೊದಲು. ಮರುದಿನದಿಂದ ಚಹಾ ಅಂಗಡಿಯಲ್ಲಿ ಅವನು ಕಾಣಲಿಲ್ಲ.

ನಾಲ್ಕನೆಯ ಸಲ ಹೊತ್ತಿದಾಗ ಪರಸಪ್ಪನ ಮುಖವನ್ನೇ ನೋಡದ ನ್ಯಾಮತಿಯ ಎಲೆಕ್ಟ್ರಿಷಿಯನ್ ಒಬ್ಬನ ಬಳಿಗೆ ಹೋದೆ. ಅದೇ ಸಂಖ್ಯೆ, ಅದೇ ನೀರು, ಅದೇ ಪ್ರಶ್ನೆ. ನ್ಯಾಮತಿಗೂ ಚನ್ನಗಿರಿಗೂ ನಡುವೆ ಏನಾದರೂ ಒಳಸಂಚಿದೆಯೇ ಎಂದು ದಾರಿಯುದ್ದಕ್ಕೂ ಗಂಭೀರವಾಗಿ ಪರಿಶೀಲಿಸಿದೆನೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಗಿಂಡಿ ಹೊತ್ತಿದ ದಿನಗಳಿಗೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿದ್ದೆ. ನನ್ನ ಹೆಂಡತಿ ಹಾಲಿನವನ ಲೆಕ್ಕ ನೋಡಲು ಹೋಗಿ, "ಇದೇನ್ರೀ, ಎಲ್ಲಾ ಅಮಾಸಿ ಮಾರನೇ ದಿನಾನೇ ಐತಲ್ಲ?" ಎಂದಳು. ಯಾರೋ ಏನೋ ಮಾಡಿಸಿದ್ದಾರೆ! ಬರುವ ಅಮಾವಾಸ್ಯೆಗೆ ಪ್ರತಿ ತಿಂಗಳ ಗಾಡಿಪೂಜೆಯನ್ನು ಇನ್ನಷ್ಟು ಜೋರಾಗಿ ಮಾಡುವುದೆಂದು ನಿಶ್ಚಯಿಸಿದೆ.

ಅಮಾವಾಸ್ಯೆಯ ಬೆಳಿಗ್ಗೆ ಬಾನೆಟ್ಟು ಎತ್ತಿ, ಇಂಜಿನ್ನಿಗೆ ವಿಭೂತಿಯ ಮೂರು ಪಟ್ಟೆ ಬಳಿದು, ಹೂವಿಟ್ಟು, ವಾಡಿಕೆಯಂತೆ ಹಿತ್ತಾಳೆ ಗಿಂಡಿಯಿಂದ ಅದರ ನೆತ್ತಿಗೆ ಧಾರೆ ಎರೆಯತೊಡಗಿದೆ. ಅರ್ಧ ಎರೆದಾಗ ಗಿಂಡಿ ಹಿಡಿದ ಬಲಗೈ ನಿಂತಿತು. ಧಾರೆ ಬೀಳುತ್ತಿದ್ದ ಜಾಗದವರೆಗೆ ಸಿಲಿಂಡರುಗಳನ್ನು ಎಡದಿಂದ ಎಣಿಸಿದೆ. ಒಂದು, ಎರಡು, ಮೂರು.

ಪರಸಪ್ಪನಿಗೆ ನಾನು ಸುಳ್ಳು ಹೇಳಿರಲಿಲ್ಲ. ಕಾರು ತೊಳೆದರೆ ಅದು ನೀರು, ಇದು ಪೂಜೆ. ನನ್ನ ತಲೆಯಲ್ಲಿ ಎರಡಕ್ಕೂ ಬೇರೆ ಬೇರೆ ಸರ್ವೆ ನಂಬರು. ಹಳೆಯ ಜೀಪು ಗಿಂಡಿಗಟ್ಟಲೆ ಕುಡಿದೂ ಉಸಿರೆತ್ತಿರಲಿಲ್ಲ. ಇದು ಅಮಾವಾಸ್ಯೆಯಂದು ಹೊರಗೆ ಹೋಗದೆ, ರಾತ್ರಿಯಿಡೀ ಆ ನೀರನ್ನು ಒಡಲಲ್ಲಿಟ್ಟುಕೊಂಡು, ಮರುದಿನ ದೂರುತ್ತಿತ್ತು. ಪತ್ರಕ್ಕೆ ಚಕ್ಕುಬಂದಿ ಬರೆಯುವಾಗ ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥವರದೆಂದು ನಾಲ್ಕೂ ದಿಕ್ಕನ್ನು ಬರೆಯುತ್ತೇವೆ. ನಡುವೆ ನಿಂತವನ ಹೆಸರು ಆ ನಾಲ್ಕರಲ್ಲಿ ಬರುವುದಿಲ್ಲ. ನನ್ನ ಅನುಮಾನವೂ ಹೊನ್ನಾಳಿ, ಜಗಳೂರು, ನ್ಯಾಮತಿ, ಪರಸಪ್ಪನ ಗ್ಯಾರೇಜು ಎಂದು ನಾಲ್ಕೂ ಗಡಿಯನ್ನು ಕ್ರಮಬದ್ಧವಾಗಿ ಅಳೆದಿತ್ತು.

ಅಮಾವಾಸ್ಯೆಗೆ ಗಾಡಿ ತೆಗೆಯದ ನೇಮವನ್ನು ಮುರಿದು, ಹಿತ್ತಾಳೆ ಗಿಂಡಿಯನ್ನು ಪಕ್ಕದ ಸೀಟಿನಲ್ಲಿ ಸಾಕ್ಷಿಯಾಗಿ ಕೂರಿಸಿಕೊಂಡು, ಕುಂಟುವ ಕಾರಿನಲ್ಲಿ ಹೊರಟೆ. ದಾರಿಯಲ್ಲಿ ಹಳದಿ ಗಿಂಡಿಯೂ ಹೊತ್ತಿತು. ಗ್ಯಾರೇಜಿನಲ್ಲಿ ಜನರಿದ್ದರು; ಇರಲಿ, ಅಂದೂ ಇದ್ದರಲ್ಲ.

"ನೀರು ಹಾಕ್ತಿದ್ದೋನು ನಾನೇ, ಪರಸಪ್ಪ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಗಿಂಡಿ ತೋರಿಸಿದೆ. "ನಿನ್ನ ಮೇಲೆ ಸುಮ್‌ಸುಮ್ನೆ ಅಪವಾದ ಹೊರಿಸಿದೆ. ತಪ್ಪಾಯ್ತು."

ಅವನು ಗಿಂಡಿಯನ್ನೂ ನನ್ನನ್ನೂ ನೋಡಿದ. "ಒಂದು ಹನೀನೂ ಇಲ್ಲ ಅಂದಿದ್ರಿ."

"ಅದು ನೀರು ಅಂತ ಅನ್ನಿಸ್ಲೇ ಇಲ್ಲ ಕಣಪ್ಪಾ."

"ನಿಮ್ಗೆ ಅನ್ನಿಸ್ದಿದ್ರೂ ಕಾಯಿಲ್‌ಗೆ ಅನ್ನಿಸ್ತೈತಲ್ರಿ." ಬಿಚ್ಚಿ, ಒರೆಸಿ, ಮುಚ್ಚಿದ. ಆಮೇಲೆ, "ಟೈರಿಗೆ ಹಾಕ್ರಿ ಯಜಮಾನ್ರೆ, ದೇವ್ರಿಗೆ ಅಲ್ಲಿಂದ್ಲೂ ಮುಟ್ತೈತೆ," ಎಂದು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟ.

ಮೂರು ಅಮಾವಾಸ್ಯೆಗಳಾದವು, ದೂರು ಬಂದಿಲ್ಲ. ಬಲ್ಬೇ ಸುಟ್ಟುಹೋಗಿರಬಹುದೆಂಬ ಅನುಮಾನ ನನಗೆ ಬಾರದಿರಲಿಲ್ಲ. ಆದರೆ ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಆ ಹಳದಿ ಗಿಂಡಿ ಎಲ್ಲ ದೀಪಗಳೊಂದಿಗೆ ಕ್ಷಣಕಾಲ ಬೆಳಗಿ, ಆರುತ್ತದೆ. ಅದು ಆರುವ ತನಕ ನಾನೀಗ ಹೊನ್ನಾಳಿಯ ಕಡೆಗಾಗಲಿ ಜಗಳೂರಿನ ಕಡೆಗಾಗಲಿ ನೋಡುವುದಿಲ್ಲ. ಸ್ಟೇರಿಂಗಿನ ಮೇಲಿರುವ ನನ್ನ ಬಲಗೈಯನ್ನು ನೋಡುತ್ತೇನೆ.