ಹದ್ದಿನಕಣ್ಣಪ್ಪನವರು

ಪುಸ್ತಕಗಳು ಅಚ್ಚಿಗೆ ಹೋಗುವ ಮುಂಚೆ ಸರ್ಕಾರದ ಪರವಾಗಿ ಓದಿ ಒಪ್ಪಿಗೆ ಕೊಡುವ ನಮ್ಮ ಕಚೇರಿಯಲ್ಲಿ, ಹಿರಿಯ ಪರಿಶೀಲಕರಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ಹದ್ದಿನಕಣ್ಣಪ್ಪ. ಕಾದಂಬರಿಯೊಳಗೆ ಎಲ್ಲಾದರೂ ರೆಕ್ಕೆ ಬಡಿದ ಸದ್ದಾದರೆ ಸಾಕು, ಅವರ ಕಿವಿ ನೆಟ್ಟಗಾಗುತ್ತದೆ. "ಇದು ಬರೀ ಗುಬ್ಬಿ ಅಂದ್ಕೊಂಡ್ರಾ? ಗೋಡೆ ದಾಟಿ ಹೋಗ್ತಿದೆ, ನೋಡ್ರಿ" ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ. ಕೊಕ್ಕರೆ ಒಂಟಿಕಾಲಲ್ಲಿ ನಿಂತರೆ ಯಾರಿಗೆ ಕಾಯುತ್ತಿದೆ ಎನ್ನುತ್ತಾರೆ. ಗಿಣಿ ಮಾತಾಡಿದರೆ ಹೇಳಿಕೊಟ್ಟವರು ಯಾರು ಎನ್ನುತ್ತಾರೆ. ಕೋಳಿಗೆ ಮಾತ್ರ ರಿಯಾಯಿತಿ, ಅದೂ ಬೇಲಿಯೊಳಗಿದ್ದರೆ. ಅಡುಗೆ ಪುಸ್ತಕವೊಂದರಲ್ಲಿ 'ಮೊಟ್ಟೆ ಒಡೆಯಿರಿ' ಎಂದಿದ್ದಕ್ಕೆ, ಒಳಗಿಂದ ಏನು ಹೊರಬರಲೆಂದು ನಿಮ್ಮ ಆಸೆ ಎಂದು ಅಂಚಿನಲ್ಲಿ ಬರೆದಿದ್ದರು. ನಾವು ನಕ್ಕರೆ, ಯಾಕೆ ನಕ್ಕಿರೆಂದು ಒಬ್ಬೊಬ್ಬರನ್ನೇ ವಿಚಾರಿಸುತ್ತಾರೆ. ಕಳೆದ ವಾರ ಒಬ್ಬ ಲೇಖಕಿಯ ಕಾದಂಬರಿ ಬಂತು: ಯಾರಿಗೂ ಹೊರಹೋಗಲು ಅಪ್ಪಣೆಯಿಲ್ಲದ ಊರು, ಅಲ್ಲಿ ಕೋಣೆಯೊಂದರಲ್ಲಿ ಕೂಡಿಹಾಕಿದ, ಕಿಟಕಿಯ ಬಳಿಯೇ ಕೂತಿರುವ ಪುಟ್ಟ ಹುಡುಗಿ. ಪುಸ್ತಕದುದ್ದಕ್ಕೂ ಒಂದೇ ಒಂದು ಹಕ್ಕಿಯಿಲ್ಲ. ಅವರ ಅನುಮಾನ ಇನ್ನೂ ಬಲವಾಯಿತು. ಎರಡು ಸಲ ಓದಿ, ಲೇಖಕಿಯನ್ನು ಕರೆಸಿ, "ಹಕ್ಕಿ ಎಲ್ಲಿ ಬಚ್ಚಿಟ್ಟಿದ್ದೀರಮ್ಮ?" ಎಂದು ಕೇಳಿದರು. "ಇಲ್ಲ ಸಾರ್, ಹೇಗೂ ನೀವು ಬಿಡಲ್ಲ ಅಂತ ನಾನೇ ತೆಗೆದುಬಿಟ್ಟೆ" ಎಂದಳು ಆಕೆ. ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಪಕ್ಕದ ಮೇಜಿನಲ್ಲಿದ್ದ ನನ್ನತ್ತ ಒಮ್ಮೆ ನೋಡಿ, ದನಿ ತಗ್ಗಿಸಿದರು: "ಹಾಗಾದ್ರೆ ಆ ಮಗು ದಿನವಿಡೀ ಕಿಟಕೀಲಿ ಏನು ನೋಡ್ಬೇಕಮ್ಮ?" ಇದು ಬಲೆಯಿರಬಹುದೆಂದು ಆಕೆ ಕೈಚೀಲದಲ್ಲಿ ಏನೋ ಹುಡುಕತೊಡಗಿದಳು, ನಾನೂ ನನ್ನ ಮುಂದಿನ ಹಾಳೆ ತಿರುವಿದೆ.