ಯಂತ್ರಮಾನವನ ಬಗ್ಗೆ ತಂಗಿ ಬರೆದ ಎರಡು ಪುಟ

ಕನ್ನಡ ಓದಲು ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದವರು ಮೇಲಿನ ಕಚೇರಿಯವರು. ಅದರ ಫಲ ಉಂಡವಳು ಒಂಬತ್ತನೆಯ ತರಗತಿಯಲ್ಲಿದ್ದ ನನ್ನ ತಂಗಿ.

ತೊಂಬತ್ತರ ದಶಕದ ಆರಂಭ. ಕಾಸರಗೋಡು ಬಳಿಯ ಮಂಗಲ್ಪಾಡಿಯಲ್ಲಿ ನಮ್ಮ ನೆರೆಯಲ್ಲಿ ಟಿ.ವಿ. ಇದ್ದದ್ದು ಗಲ್ಫಿನಿಂದ ಮರಳಿದ ಬ್ಯಾರಿ ಮುಸ್ಲಿಮರೊಬ್ಬರ ಮನೆಯಲ್ಲಿ ಮಾತ್ರ. ಭಾನುವಾರ ನಮ್ಮ ಕ್ರೈಸ್ತರ ಇಗರ್ಜಿಯಲ್ಲಿ ಪೂಜೆ ಮುಗಿದೊಡನೆ ತಂಗಿ ಅಲ್ಲಿಗೆ ಓಡುತ್ತಿದ್ದಳು. ಆಗ ಬರುತ್ತಿದ್ದ ಹಿಂದಿ ವೈಜ್ಞಾನಿಕ ಧಾರಾವಾಹಿಯಲ್ಲಿ ಯಂತ್ರಮಾನವನೊಬ್ಬನಿದ್ದ. ಮನೆಯ ಯಜಮಾನರು ಹಿಂದಿಯನ್ನು ಬ್ಯಾರಿ ಭಾಷೆಯಲ್ಲಿ ವಿವರಿಸುವರು. ತಂಗಿ ಅದನ್ನು ಹಿಂದೆ ಕುಳಿತು ಬೀಡಿ ಕಟ್ಟುತ್ತಿದ್ದ ಹೆಂಗಸರಿಗೆ ಕನ್ನಡದಲ್ಲಿ ದಾಟಿಸುವಳು.

“ನಿನ್ನ ತಗಡಿನ ಮದುಮಗ ಇವತ್ತು ಎಂತ ಹೇಳಿದ ಮಾರಾಯ್ತಿ?” ಎಂದು ಒಬ್ಬಾಕೆ ಕೆಣಕಿದರು.

“ಗೊತ್ತಿಲ್ಲ ಅಂತ ಹೇಳಿದ. ಮೊದಲು ಹಾಗೆ ಹೇಳ್ಲಿಕ್ಕೆ ಅವನಿಗೆ ಬರ್ತಿರಲಿಲ್ಲ.”

“ಅದನ್ನು ಕಲೀಲಿಕ್ಕೆ ಉಂಟಾ? ನಮ್ಮ ಮನೆಯವರು ಮದುವೆಯಾದಂದಿನಿಂದ ಅದನ್ನೇ ಹೇಳುವುದು!”

ಎಲ್ಲರೂ ನಕ್ಕರು. ತಂಗಿ ನಗಲಿಲ್ಲ. ಹೇಳಿದ್ದನ್ನಷ್ಟೇ ಮಾಡುತ್ತಿದ್ದ ಆ ಯಂತ್ರ ವಾರದಿಂದ ವಾರಕ್ಕೆ ಹೇಗೆ ಬೇರೆಯಾಯಿತೆಂದು ಅವಳು ಗಮನಿಸುತ್ತಿದ್ದಳು. ಮೊದಲು ಆಜ್ಞೆಗಳನ್ನು ಮರುನುಡಿಯಿತು, ಆಮೇಲೆ ಸಂದೇಹಪಟ್ಟಿತು, ಕೊನೆಗೆ ಒಂದು ಅನ್ಯಾಯದ ಕೆಲಸಕ್ಕೆ “ಮಾಡುವುದಿಲ್ಲ” ಎಂದಿತು. ಕಥೆಯೊಳಗಿನ ಒಬ್ಬ ಹುಡುಗಿ ಅದನ್ನು ಪ್ರಶ್ನಿಸಿ, ಉತ್ತರಕ್ಕಾಗಿ ಕಾಯುತ್ತಿದ್ದುದೇ ಇದಕ್ಕೆ ಕಾರಣವೆಂಬುದು ತಂಗಿಯ ವಾದ.

ಅವಳ ತರಗತಿಯಲ್ಲಿ ಯಾರೂ ಹಾಗೆ ಕಾಯುತ್ತಿರಲಿಲ್ಲ. ಕನ್ನಡ ಬಾರದ ವಿಜ್ಞಾನದ ಮಾಸ್ತರರು ಮಲಯಾಳದಲ್ಲಿ ಪಾಠ ಹೇಳಿ ಹೋಗುತ್ತಿದ್ದರು. ಮಕ್ಕಳು ಗೈಡ್ ಬಾಯಿಪಾಠ ಮಾಡುತ್ತಿದ್ದರು. ಕಾಸರಗೋಡಿನ ಕಾಲೇಜಿನಲ್ಲಿ ಹೊಸ ಶಿಕ್ಷಣದ ವಿಚಾರಗಳನ್ನು ತಲೆತುಂಬ ತುಂಬಿಕೊಂಡಿದ್ದ ನಾನು ಅವಳಿಗೆ ಉಪದೇಶಿಸಿದೆ: “ಬಾಯಿಪಾಠ ಬಿಡು. ನಿನಗೆ ಅರ್ಥವಾದದ್ದನ್ನು ಬರೆ.”

ವಾರ್ಷಿಕ ಪರೀಕ್ಷೆಯಲ್ಲಿ ಯಂತ್ರಕ್ಕೂ ಜೀವಿಗೂ ಇರುವ ವ್ಯತ್ಯಾಸವನ್ನು ಕೇಳಿದ್ದರು. ಆ ಯಂತ್ರಮಾನವನನ್ನು ಉದಾಹರಣೆಯಾಗಿಟ್ಟುಕೊಂಡು ಅವಳು ಎರಡು ಪುಟ ಬರೆದಳು. ಉಳಿದ ಪ್ರಶ್ನೆಗಳಿಗೂ ತನ್ನದೇ ಮಾತಿನಲ್ಲಿ ಉತ್ತರಿಸಿದಳು. ಅನುತ್ತೀರ್ಣಳಾದಳು.

ನಾನು ಶಾಲೆಗೆ ಹೋದೆ. ಮಾಸ್ತರರು ಮುಚ್ಚಿಡಲಿಲ್ಲ. ಗೈಡನ್ನು ಉತ್ತರಪತ್ರಿಕೆಯ ಪಕ್ಕದಲ್ಲಿಟ್ಟು, ಅಕ್ಷರಗಳ ಆಕಾರವನ್ನು ಸಾಲುಸಾಲಾಗಿ ಹೋಲಿಸಿ ಅವರು ಅಂಕ ಹಾಕುತ್ತಿದ್ದರು. ತಂಗಿಯ ಯಾವ ಸಾಲೂ ಹೋಲಲಿಲ್ಲ. “ವರ್ಗಾವಣೆ ಕೇಳಿ ಬರೆದಿದ್ದೇನೆ. ಉತ್ತರ ಬಂದಿಲ್ಲ,” ಎಂದು ಮಲಯಾಳದಲ್ಲಿ ಹೇಳಿ ಅವರು ತಲೆ ತಗ್ಗಿಸಿದರು. ಕನ್ನಡ ಬಲ್ಲ ಮುಖ್ಯೋಪಾಧ್ಯಾಯರು ಆ ಎರಡು ಪುಟಗಳನ್ನು ಓದದೆಯೇ ಸಹಿ ಮಾಡಿದ್ದರು, ಸಹಿಯಾದದ್ದನ್ನು ತಿದ್ದಲಾಗದೆಂದರು. ಅಪ್ಪ, “ಹುಡುಗಿಗೆ ಇಷ್ಟು ಓದು ಸಾಕು,” ಎಂದರು. ಇವೆಲ್ಲ ತಪ್ಪುಗಳು. ಅವಳ ಕೈಯಿಂದ ಗೈಡ್ ಬಿಡಿಸಿದ ನಾನು, ಆ ಉತ್ತರವನ್ನು ಓದುವವರು ಯಾರೆಂದು ವಿಚಾರಿಸದೇ ಹೋದದ್ದೂ ತಪ್ಪೇ.

ಜೂನ್‌ನಲ್ಲಿ ಶಾಲೆ ತೆರೆಯಿತು. ತಂಗಿ ಹೋಗಲಿಲ್ಲ, ಬೀಡಿ ಕಟ್ಟುವ ಮೊರ ಹಿಡಿದಳು. ಧಾರಾವಾಹಿಯ ಕೊನೆಯ ಕಂತಿಗೆ ನಾನು ಕರೆದರೂ ಬರಲಿಲ್ಲ.

“ಅವನು ಕೊನೆಗೆ ಏನಾಗ್ತಾನೆ ಅಂತ ನೋಡುವುದು ಬೇಡವಾ?”

ಎಲೆ ಕತ್ತರಿಸುತ್ತ, ತಲೆಯೆತ್ತದೆ ಹೇಳಿದಳು: “ನೀನೇ ನೋಡು. ನನ್ನ ಹತ್ರ ಬಂದು ಹೇಳ್ಬೇಡ.”

ಅಂದಿನಿಂದ ಅವಳು ಮಾತು ಕಡಿಮೆ ಮಾಡಿದ್ದಾಳೆ. ಹೇಳಿದ ಕೆಲಸ ಮಾಡುತ್ತಾಳೆ.

ನೇಮಕದ ಆದೇಶಕ್ಕೆ ಸಹಿ ಹಾಕುವವರೇ, ಆ ತರಗತಿಗೆ ಇಂದಿಗೂ ಕನ್ನಡ ಬಲ್ಲ ವಿಜ್ಞಾನ ಶಿಕ್ಷಕರಿಲ್ಲ. ಬರುವ ಜೂನ್‌ಗೆ ಮೊದಲು ಒಬ್ಬರನ್ನು ಕಳುಹಿಸಿ. ಅಲ್ಲಿಯವರೆಗೆ ಆ ತರಗತಿಯ ಮಕ್ಕಳ ಪ್ರತಿಯೊಂದು ಉತ್ತರಪತ್ರಿಕೆಯನ್ನೂ, ಅಂಕ ಹಾಕುವ ಮುನ್ನ, ಕನ್ನಡ ಓದಬಲ್ಲವರಿಂದ ಓದಿಸಬೇಕೆಂದು ಲಿಖಿತ ಆದೇಶ ಹೊರಡಿಸಿ.