ಸೊನ್ನೆ ತಪ್ಪಿನ ಕಾಗದ

ಮಹಾರುದ್ರಪ್ಪ ತೀರಿಕೊಂಡ. ಜುಲೈ ತಿಂಗಳ ಎರಡನೆಯ ಶುಕ್ರವಾರ, ಬಸವಕಲ್ಯಾಣದ ತನ್ನ ಮನೆಯಲ್ಲಿ, ಬೆಳಗಿನ ಐದರ ಸುಮಾರಿಗೆ, ನಿದ್ದೆಯಲ್ಲೇ ಹೃದಯ ನಿಂತಿತು. ವಯಸ್ಸು ಐವತ್ತೆರಡು. ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ಹುಮನಾಬಾದಿನ ಡಾಕ್ಟರ ಬಳಿ ಹೋಗಬೇಕಿತ್ತು, ಹೋಗಲಿಲ್ಲ. ಹೋಗಿದ್ದರೂ ಇಷ್ಟೇ ಆಗುತ್ತಿತ್ತು ಎಂದು ಡಾಕ್ಟರು ಅವನ ಹೆಂಡತಿ ಮುಕ್ತಾಬಾಯಿಗೆ ಹೇಳಿದ್ದಾರೆ. ಅದನ್ನು ನಂಬುವುದು ಒಳ್ಳೆಯದು.

ಅವನು ಹುಟ್ಟಿದ್ದು ಕೊಹಿನೂರಿನ ಒಕ್ಕಲು ಮನೆಯಲ್ಲಿ. ಹತ್ತೊಂಬತ್ತಕ್ಕೆ ಕುಂಚ ಹಿಡಿದು ಬಸವಕಲ್ಯಾಣಕ್ಕೆ ಬಂದ. ಆಗ ಅಂಗಡಿಗಳ ಬೋರ್ಡನ್ನೆಲ್ಲ ಕೈಯಲ್ಲೇ ಬರೆಯುತ್ತಿದ್ದರು. ಅವನದೊಂದು ಪದ್ಧತಿಯಿತ್ತು. ಬೋರ್ಡು ಮುಗಿಸಿ, ಕುಂಚ ತೊಳೆಯುವ ಮೊದಲು ರಸ್ತೆ ದಾಟಿ ಆಚೆ ಬದಿಗೆ ಹೋಗಿ ನಿಲ್ಲುತ್ತಿದ್ದ. ದಾರಿಯಲ್ಲಿ ಹೋಗುವ ಯಾರನ್ನಾದರೂ ತಡೆದು, "ಅಜ್ಜಾ, ಅಲ್ಲೇನ್ ಬರ್ದದ ಒಂಚೂರ್ ಓದ್ರಿ" ಎನ್ನುತ್ತಿದ್ದ. ಅವರು ತಡವರಿಸಿದರೆ ಅಷ್ಟನ್ನೂ ಅಳಿಸಿ ಮತ್ತೆ ಬರೆಯುತ್ತಿದ್ದ. ಒಬ್ಬರಾದರೂ ಸಲೀಸಾಗಿ ಓದಿದ ಮೇಲೆಯೇ ಮೂಲೆಯಲ್ಲಿ 'ಮಹಾ' ಎಂದು ಸಣ್ಣ ಸಹಿ ಬೀಳುತ್ತಿತ್ತು. ಆ ಸಹಿಯ ಬೋರ್ಡುಗಳು ಹಳೆ ಪೇಟೆಯಲ್ಲಿ ಇನ್ನೂ ನಾಲ್ಕೈದು ಉಳಿದಿವೆ.

ಫ್ಲೆಕ್ಸ್ ಬಂದು ಕುಂಚದ ಕೆಲಸ ನಿಂತಿತು. ಅವನು ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ, ಕರಪತ್ರ ಮಾಡಲು ಕಲಿತ. ಆಮೇಲೆ ವೆಬ್‌ಸೈಟು ಮಾಡುವುದನ್ನೂ ಕಲಿತು, ಬಸ್ ನಿಲ್ದಾಣದ ಹಿಂದೆ 'ಮಹಾ ಲಿಪಿ' ಎಂಬ ಅಂಗಡಿ ಇಟ್ಟ. ಶಾಲೆ, ಸೊಸೈಟಿ, ಮಠ ಎಂದು ಹನ್ನೆರಡು ವೆಬ್‌ಸೈಟುಗಳನ್ನು ಮಾಡಿದ್ದ. ಕಣ್ಣಿಗೆ ಅವೆಲ್ಲ ಚೆಂದ. ಹೊಸ ಕನ್ನಡ ಅಕ್ಷರಗಳ ಮೋರೆ ಅವನಿಗೆ ಹಿಡಿಸುತ್ತಿರಲಿಲ್ಲ. ಲಗ್ನಪತ್ರಿಕೆಯ ಕಾಲದಿಂದ ಕೈಗೆ ಕೂತಿದ್ದ ಹಳೆಯ ಫಾಂಟಿನಲ್ಲೇ ಎಲ್ಲವನ್ನೂ ಬರೆಯುತ್ತಿದ್ದ.

ಹುಮನಾಬಾದಿನ ಒಂದು ಶಿಕ್ಷಣ ಸಂಸ್ಥೆಗೆ ಹದಿಮೂರನೆಯದನ್ನು ಮಾಡಿಕೊಡುವ ಕೆಲಸ ಬಂತು. ಅವರದು ಶಿಕ್ಷಕರ ತರಬೇತಿ ಕಾಲೇಜು. ಆ ವರ್ಷ ಕಣ್ಣಿಲ್ಲದ ಒಬ್ಬ ಹುಡುಗಿಗೆ ಹಾಸ್ಟೆಲ್ ಸಮೇತ ಒಂದು ಸೀಟು ಮೀಸಲಿಟ್ಟಿದ್ದರು. ಅರ್ಜಿ ವೆಬ್‌ಸೈಟಿನಲ್ಲಿ ಮಾತ್ರ. ಹಾಗಾಗಿ ಅದು ಕಣ್ಣಿಲ್ಲದವರಿಗೂ ನಡೆಯುವಂತಿರಬೇಕು, ಅದಕ್ಕೊಂದು ದಾಖಲೆಯೂ ಬೇಕು ಎಂದು ಕಾರ್ಯದರ್ಶಿ ಬಸವಣಪ್ಪ ಹೇಳಿದರು.

ವೆಬ್‌ಸೈಟು ಹೇಗಿರಬೇಕು ಎಂದು ಜಗತ್ತಿಗೆಲ್ಲ ಒಂದೇ ನಿಯಮಗಳಿವೆ. ಅವನ್ನು ಪಾಲಿಸಿದೆಯೋ ಇಲ್ಲವೋ ಎಂದು ನೋಡಿ ಹೇಳುವ ಯಂತ್ರಗಳೂ ಇವೆ. ಮಹಾರುದ್ರಪ್ಪ ಅಂಥದ್ದೊಂದಕ್ಕೆ ತನ್ನ ಪುಟ ಕೊಟ್ಟ. ಅರವತ್ತೊಂದು ತಪ್ಪು ತೋರಿಸಿತು. ತುಂಬುವ ಚೌಕಕ್ಕೆ ಹೆಸರಿಲ್ಲ, ಚಿತ್ರಕ್ಕೆ ವಿವರಣೆಯಿಲ್ಲ ಎಂಬಂಥವು. ಹನ್ನೊಂದು ದಿನ ಕೂತು ಒಂದೊಂದನ್ನೂ ತೆಗೆದ. ಪ್ರತಿ ಚೌಕಕ್ಕೂ ತನ್ನ ಹಳೆಯ ಫಾಂಟಿನಲ್ಲಿ ಹೆಸರು ಕೊಟ್ಟ. ಚಿತ್ರಗಳ ವಿವರಣೆ ಬರೆಯುವಷ್ಟರಲ್ಲಿ ಬೇಸರ ಬಂದು, ಎಲ್ಲಕ್ಕೂ ಇಂಗ್ಲಿಷಿನಲ್ಲಿ 'ಪಿಕ್ಚರ್' ಎಂದು ಬರೆದು ಮುಗಿಸಿದ. ಯಂತ್ರ ಒಪ್ಪಿತು. ತಪ್ಪು: ಸೊನ್ನೆ. ಆ ಕಾಗದದ ಒಂದು ಪ್ರತಿಗೆ ಸಹಿ ಹಾಕಿ ಬಸವಣಪ್ಪನವರಿಗೆ ಕೊಟ್ಟ. ಇನ್ನೊಂದನ್ನು ಲ್ಯಾಮಿನೇಶನ್ ಮಾಡಿಸಿ ಅಂಗಡಿಯ ಗೋಡೆಗೆ ಹಾಕಿದ.

ಅರ್ಜಿಯ ಕೊನೆಯ ದಿನ ಅದೇ ಗುರುವಾರ, ಅವನು ತೀರಿಕೊಂಡ ಹಿಂದಿನ ದಿನ. ಸಂಜೆ ಐದಕ್ಕೆ ಪುಟ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಅವನ ಫೋನು ರಿಂಗಾಯಿತು.

"ಮಹಾ ಲಿಪಿ ಏನ್ರಿ?"

"ಹೌದ್ರಿ, ಹೇಳ್ರಿ."

"ಕಾಕಾ, ನಾ ಘಾಟಬೋರಾಳದಿಂದ ಮಾತಾಡಾಕತ್ತೇನಿ. ಸರಿತಾ ಅಂತ. ನನಗ ಕಣ್ಣ ಕಾಣಂಗಿಲ್ಲ. ಟ್ರೇನಿಂಗ್ ಕಾಲೇಜಿನ ಅರ್ಜಿ ತುಂಬಾಕತ್ತೇನಿ. ಅದು ಏನ್ ಹೇಳ್ತದ, ಒಂದೂ ತಿಳಿವಲ್ದು."

"ನನ್ನ ನಂಬರ್ ಯಾರ್ ಕೊಟ್ರು ತಂಗಿ?"

"ಆ ಪುಟನೇ ಕೊಡ್ತು. ಇಡೀ ಪುಟದಾಗ ತಿಳಿಯೂದು ಅದೊಂದೇ ನೋಡ್ರಿ."

ಪುಟದ ಅಡಿಯಲ್ಲಿ ಅಂಗಡಿಯ ಹೆಸರು, ಹತ್ತು ಅಂಕಿಯ ನಂಬರು ಇಂಗ್ಲಿಷಿನಲ್ಲಿದ್ದವು. ಅದು ಬೋರ್ಡಿನ ಮೂಲೆಯ ಸಹಿಯ ಅಭ್ಯಾಸ.

"ಅದರಾಗ ಒಂದೂ ಗಲ್ತಿ ಇಲ್ಲ ತಂಗಿ. ಮಷೀನೇ ನೋಡಿ ಸೊನ್ನಿ ಅಂತ ಬರ್ದು ಕೊಟ್ಟದ. ನಿನ್ನ ಫೋನ್ ಬರಾಬರ್ ಅದ ಏನ್ ನೋಡ್ಕೊ."

"ಟ್ರೇನಿಂಗ್ ಮಾಡಾಕಿ ನಾ ಇದ್ದೀನೋ, ನಿಮ್ಮ ಮಷೀನ್ ಅದನೋ ಕಾಕಾ?"

ಅವನಿಗೆ ಸಿಟ್ಟು ಬಂತು. ಅವಳು ಫೋನಿಡಲಿಲ್ಲ. "ಯವ್ವಾ, ನಿನ್ನ ಫೋನ್ ಇದರ ಬಾಯಿಗಿ ಹಿಡಿ" ಎಂದದ್ದು ಕೇಳಿಸಿತು. ತಾಯಿ ದ್ರೌಪತಿ ಎರಡು ಫೋನುಗಳನ್ನು ಹತ್ತಿರ ಹಿಡಿದಳು. ಪರದೆಯ ಮೇಲಿದ್ದುದನ್ನು ಓದಿ ಹೇಳುವ ದನಿ ಶುರುವಾಯಿತು. "ಜಿ… ಎ… ಎ… ಪಿಕ್ಚರ್… ಇ… ಜಿ… ಎ…" ನಡುನಡುವೆ ಯಾವುದೋ ಚಿಹ್ನೆಗಳ ಹೆಸರು. ಆಮೇಲೆ ಮತ್ತೆ ಎ, ಎ.

ಮಹಾರುದ್ರಪ್ಪ ತನ್ನ ಪರದೆ ನೋಡಿದ. ಅಲ್ಲಿ ದುಂಡಗೆ, ಸ್ಪಷ್ಟವಾಗಿ 'ಅರ್ಜಿದಾರರ ಹೆಸರು' ಎಂದಿತ್ತು.

ಅವನಿಗೆ ತಿಳಿದದ್ದು ಆಗ. ಆ ಹಳೆಯ ಫಾಂಟಿನ ಒಡಲಲ್ಲಿ ಇರುವುದು ಕನ್ನಡವೇ ಅಲ್ಲ, ಇಂಗ್ಲಿಷಿನ ಅಕ್ಷರ ಮತ್ತು ಚಿಹ್ನೆಗಳು. ಮೇಲೆ ಕನ್ನಡದ ಮೋರೆ ತೊಡಿಸಿರುತ್ತಾರೆ. ಕಣ್ಣು ಮೋರೆ ನೋಡುತ್ತದೆ, ಓದುವ ದನಿ ಒಡಲನ್ನು ಓದುತ್ತದೆ. ಚೌಕಕ್ಕೆ ಹೆಸರಿದೆಯೇ ಎಂದಷ್ಟೇ ಯಂತ್ರ ಕೇಳಿತ್ತು, ಹೆಸರಿತ್ತು. ಆ ಹೆಸರು ಯಾರಿಗಾದರೂ ತಿಳಿಯುತ್ತದೆಯೇ ಎಂದು ಅದು ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ರಸ್ತೆ ದಾಟದೆ ಸಹಿ ಹಾಕಿದ್ದ.

"ತಂಗಿ, ನೀ ಹೇಳು, ನಾ ತುಂಬ್ತೀನಿ" ಎಂದ. "ಹತ್ತು ನಿಮಿಷದ ಕೆಲಸ."

"ಹೋದ ವರ್ಷ ಹಿಂಗೇ ಆತ್ರಿ. ಹುಮನಾಬಾದದಾಗ ಅಂಗಡಿಯವನೊಬ್ಬ ತುಂಬಿದ. ನನ್ನ ನಂಬರ್ ಬದ್ಲಿ ತನ್ನ ನಂಬರ್ ಹಾಕಿದ. ಬೇಕಂತ ಅಲ್ಲ, ರೂಢಿ. ಕಾಲೇಜಿನವರು ಕರೆದದ್ದು ಅವನಿಗಿ ಹೋತು. ನನಗ ತಿಳಿಯೂದ್ರಾಗ ಬ್ಯಾರೆಯಾಕಿ ಬಂದು ಕೂತಿದ್ಳು. ಈ ಸಲ ನಾನೇ ತುಂಬ್ತೀನಿ. ಇಲ್ಲಂದ್ರ ಬಿಡ್ತೀನಿ."

ಅವನು ಬಸವಣಪ್ಪನವರಿಗೆ ಫೋನು ಮಾಡಿದ. ಎರಡು ದಿನ ಮುಂದೂಡಿ ಎಂದ.

"ಆಗಂಗಿಲ್ಲ. ಕಮಿಟಿ ಐದೂವರಿಗಿ ಕೂಡ್ತದ."

"ಹಂಗಾದ್ರ ಈಗೇ ತಿದ್ತೀನ್ರಿ."

"ಮಂದಿ ತುಂಬಾಕತ್ತಾರ, ನಡುವ ಕೈ ಹಾಕಿ ಕೆಡಿಸಿದ್ರ? ಮಹಾರುದ್ರಪ್ಪನವರೆ, ಎಲ್ಲಾ ಬರಾಬರ್ ಅದ ಅಂತ ಸಹಿ ಮಾಡಿ ಕೊಟ್ಟವರು ಯಾರು?"

"ನಾನೇ ರಿ."

"ಆ ಹುಡುಗಿದು ನೀವೇ ತುಂಬಿ ಕಳಿಸ್ರಿ. ಯಾರಿಗಿ ಗೊತ್ತಾಗ್ತದ?"

"ಆಕಿಗಿ ಗೊತ್ತಾಗ್ತದ್ರಿ."

ಬಸವಣಪ್ಪ ಕೆಟ್ಟವರಲ್ಲ. ಅವರೂ ಒಂದು ಕಮಿಟಿಗೆ ಉತ್ತರ ಕೊಡಬೇಕಾದವರು. "ಹಂಗಾದ್ರ ಕೊಟ್ಟ ಕಾಗದ ಸುಳ್ಳು ಅಂತ ಬರ್ದು ಕೊಡ್ರಿ. ಆಮ್ಯಾಗ ಪುಟ ಮುಟ್ರಿ" ಎಂದರು.

ಸುತ್ತಲ ಊರುಗಳಲ್ಲಿ ಅವನಿಗೆ ಕೆಲಸ ಬರುತ್ತಿದ್ದದ್ದು ಆ ಸಹಿಯ ಭರವಸೆಯ ಮೇಲೆ. ಗೋಡೆಯ ಮೇಲಿನ ಕಾಗದದ ಕೆಳಗೆ ಹತ್ತು ನಿಮಿಷ ಕೂತಿದ್ದ ಎಂದು ಪಕ್ಕದ ಪಾನ್ ಅಂಗಡಿಯ ಗುರುಲಿಂಗ ಹೇಳುತ್ತಾನೆ. ಆಮೇಲೆ ಬರೆದ. "ಸೊನ್ನೆ ತಪ್ಪು ಎಂದು ಯಂತ್ರ ಹೇಳಿದ್ದು ನಿಜ. ಕಣ್ಣಿಲ್ಲದವರಿಗೆ ನಡೆಯುತ್ತದೆ ಎಂದು ನಾನು ಹೇಳಿದ್ದು ಸುಳ್ಳು. ಕಣ್ಣಿಲ್ಲದ ಒಬ್ಬರಿಂದಲೂ ನಾನು ಓದಿಸಿ ನೋಡಿರಲಿಲ್ಲ." ಸಹಿ ಹಾಕಿ, ಫೋಟೊ ತೆಗೆದು ಕಳಿಸಿದ. ಸರಿತಾಳಿಗೆ ಫೋನು ಮಾಡಿ, ತಿದ್ದುತ್ತೇನೆ, ನೀನೇ ಬಂದು ಕೇಳಿ ನೋಡು ಎಂದ. ಆಗ ಹನ್ನೆರಡೂಕಾಲು.

ಹಳೆಯ ಅಕ್ಷರವನ್ನು ಹೊಸದಕ್ಕೆ ಬದಲಿಸುವ ತಂತ್ರಾಂಶ ಒತ್ತಕ್ಷರಗಳನ್ನೆಲ್ಲ ಕಲಸಿಬಿಟ್ಟಿತು. ಅದನ್ನು ಬಿಟ್ಟು ಕೈಯಲ್ಲೇ ಟೈಪು ಮಾಡತೊಡಗಿದ. ನಲವತ್ತಮೂರು ಚೌಕ, ಎರಡು ಪುಟ ಸೂಚನೆ. ಎರಡೂಕಾಲಕ್ಕೆ ಸರಿತಾ ಮತ್ತು ದ್ರೌಪತಿ ಎರಡು ಬಸ್ಸು ಬದಲಿಸಿ ಬಂದಾಗ ಹತ್ತೊಂಬತ್ತು ಚೌಕ ಆಗಿದ್ದವು. ದ್ರೌಪತಿ ಸೋಯಾ ಹೊಲದ ಕಳೆ ಬಿಟ್ಟು ಹಾಗೇ ಬಂದಿದ್ದಳು, ಕಾಲಿಗೆ ಕೆಸರಿತ್ತು. ಮೆಟ್ಟಿಲ ಮೇಲೆಯೇ ಕೂತಳು.

"ಒಳಗ ಬರ್ರಿ ಬಾಯಿ, ಕುರ್ಚಿ ಅದ."

"ಇರ್ಲ್ರಿ. ಗ್ವಾಡಿ ಮ್ಯಾಲ ಹೊಳೆಯಾಕತ್ತದಲ್ಲ, ಅದೇನ್ರಿ ಅಣ್ಣೋರೆ?"

"ಗಲ್ತಿ ಇಲ್ಲ ಅಂತ ಕೊಟ್ಟ ಕಾಗದ."

"ಪಿಲಾಸ್ಟಿಕ್ ಛಲೋ ಹಾಕ್ಸೀರಿ" ಎಂದಳು ದ್ರೌಪತಿ. "ಮಳಿಗಿ ತೊಯ್ಯಂಗಿಲ್ಲ."

ಸರಿತಾ ನಕ್ಕಳು. ಮಹಾರುದ್ರಪ್ಪನಿಗೂ ನಗು ಬಂತು, ಆ ದಿನದಲ್ಲಿ ಅದೊಂದೇ ಸಲ.

ಅವನು ಒಂದೊಂದು ಸಾಲು ಬದಲಿಸಿದಂತೆ ಅವಳು ಪರದೆ ಆರಿಸಿದ್ದ ತನ್ನ ಫೋನಿನಲ್ಲಿ ಕೇಳಿ ಹೇಳುತ್ತಿದ್ದಳು. "ಇದು ತಿಳೀತು." "ಇದು ಎರಡ್ ಸಲ ಹೇಳ್ತದ." "ಹುಟ್ಟಿದ ತಾರೀಖು ಅಂತದ, ಮೊದಲ ದಿನಾನೋ ತಿಂಗಳಾನೋ ಹೇಳವಲ್ದು." ಅವನು ಪ್ರತಿ ಮಾತಿಗೂ ತಿದ್ದುತ್ತಿದ್ದ. ಎರಡೂವರೆಗೆ ಮುಕ್ತಾಬಾಯಿಯ ಫೋನು ಬಂತು.

"ಹೊಂಟೀರೇನ್ರಿ? ಮೂರಕ್ಕ ಕರೆದಾರ."

"ನಾಳಿಗಿ ಹೋಗ್ತೀನಿ."

"ಹೋದ ವಾರಾನೂ ನಾಳಿಗಿ ಅಂದ್ರಿ."

"ಹೋದ ವಾರ ಸುಳ್ಳು ಹೇಳಿದ್ದೆ. ಇವತ್ತ ಖರೇನೇ ಕೆಲ್ಸದ."

ನಾಲ್ಕೂಕಾಲಕ್ಕೆ ನಲವತ್ತಮೂರನೆಯ ಚೌಕವೂ ಕನ್ನಡ ಮಾತಾಡಿತು. ಸರಿತಾ ಮೊದಲಿನಿಂದ ತುಂಬತೊಡಗಿದಳು. ಹೆಸರು, ತಾಯಿಯ ಹೆಸರು, ಊರು. ಫೋನ್ ನಂಬರಿನ ಚೌಕದಲ್ಲಿ ಹತ್ತೂ ಅಂಕಿಗಳನ್ನು ಮೂರು ಸಲ ಕೇಳಿಕೊಂಡಳು. ಮಹಾರುದ್ರಪ್ಪ ಗಡಿಯಾರ ನೋಡಿದ. ಎಡ ಭುಜವನ್ನು ಬಲಗೈಯಿಂದ ಒತ್ತಿಕೊಳ್ಳುತ್ತಿದ್ದ ಎಂದು ದ್ರೌಪತಿ ಆಮೇಲೆ ನೆನಪಿಸಿಕೊಂಡಳು.

ನಾಲ್ಕು ಐವತ್ತಕ್ಕೆ ಅವಳು ಅರ್ಜಿಯ ತುದಿಗೆ ಬಂದಳು. ದನಿ ಹೇಳಿತು: "ಪಿಕ್ಚರ್, ಬಟನ್." ಅವಳು ಬೆರಳು ಸರಿಸಿದಳು. "ಪಿಕ್ಚರ್, ಬಟನ್." ಮತ್ತೊಮ್ಮೆ. "ಪಿಕ್ಚರ್, ಬಟನ್."

"ಮೂರ್ ಪಿಕ್ಚರ್ ಅವ ರಿ ಕಾಕಾ. ಯಾವ್ದು ಒತ್ಲಿ?"

ಆ ಮೂರೂ ಅವನೇ ಬಣ್ಣ ತುಂಬಿ ಬರೆದ ಚಿತ್ರಗಳು. ಒಂದು ಅರ್ಜಿ ಸಲ್ಲಿಸುವುದು, ಒಂದು ಹಿಂದಕ್ಕೆ ಹೋಗುವುದು, ಒಂದು ಬರೆದದ್ದನ್ನೆಲ್ಲ ಅಳಿಸುವುದು. ಈಗ ಹೆಸರು ಬದಲಿಸಿದರೆ ಅವಳು ಪುಟವನ್ನು ಮತ್ತೆ ತೆರೆಯಬೇಕು, ತುಂಬಿದ್ದೆಲ್ಲ ಹೋಗುತ್ತದೆ. ಮತ್ತೆ ತುಂಬಲು ಹೊತ್ತಿಲ್ಲ.

"ನಡುವಿಂದು" ಎನ್ನಲು ಬಾಯಿ ತೆರೆದವನು ನಿಲ್ಲಿಸಿದ. ಅರ್ಜಿ ಸಲ್ಲಿಸುವ ಹಸಿರು ಬಟನ್ನು ನಡುವೆ ಇರುವುದು ಪರದೆಯ ಮೇಲೆ. ಚೆಂದಕ್ಕೆಂದು ಅವನೇ ಅವನ್ನು ಆಚೀಚೆ ಸರಿಸಿ ಕೂಡಿಸಿದ್ದ. ಬರೆದ ಕ್ರಮ ಬೇರೆ, ಕಾಣುವ ಕ್ರಮ ಬೇರೆ. ಅವಳಿಗೆ ಕೇಳುವುದು ಬರೆದ ಕ್ರಮ.

"ಮುಟ್ಟಬ್ಯಾಡ ತಂಗಿ. ತಡಿ."

"ನಾಲ್ಕು ಐವತ್ತಮೂರು ಆಗ್ಯಾದ."

"ಗೊತ್ತದ. ತಡಿ."

ಪುಟದ ಒಡಲನ್ನು ತೆರೆದು ಸಾಲು ಸಾಲಾಗಿ ಕೆಳಗಿಳಿದ. ಆರು ನೂರು ಸಾಲು. ಕಣ್ಣಿಗೆ ಬೆವರು ಇಳಿಯುತ್ತಿತ್ತು. ದ್ರೌಪತಿ ಮೆಟ್ಟಿಲಿನಿಂದ ಎದ್ದು ನಿಂತಿದ್ದಳು. ಮೊದಲನೆಯದು ಸಿಕ್ಕಿತು, ಅಳಿಸುವುದು. ಅದರ ಕೆಳಗಿನದು ಹಿಂದಕ್ಕೆ ಹೋಗುವುದು. ಮತ್ತೆ ಮೇಲಿನಿಂದ ಎಣಿಸಿದ.

"ಮೂರ್ನೇದು" ಎಂದ. "ಕಡೀದು."

"ಖರೇ ಏನ್ರಿ ಕಾಕಾ?"

ಸೊನ್ನೆ ತಪ್ಪು ಎಂದು ಬರೆದುಕೊಟ್ಟವನನ್ನು ಅವಳು ಕೇಳುತ್ತಿದ್ದಳು. ಅವನು ಮೂರನೆಯ ಸಲ ಎಣಿಸಿ, "ಖರೇ" ಎಂದ.

ಅವಳು ಬೆರಳನ್ನು ಒಂದು, ಎರಡು, ಮೂರು ಎಂದು ಸರಿಸಿ ಎರಡು ಸಲ ತಟ್ಟಿದಳು. ಫೋನು ಸುಮ್ಮನಾಯಿತು. ಬೀದಿಯಲ್ಲಿ ಬಸ್ಸು ಹಿಂದಕ್ಕೆ ಬರುವ ಸದ್ದು ಮಾತ್ರ. ಆಮೇಲೆ ದನಿ ನಿಧಾನವಾಗಿ ಕನ್ನಡದಲ್ಲಿ ಹೇಳಿತು: "ನಿಮ್ಮ ಅರ್ಜಿ ತಲುಪಿದೆ. ಅರ್ಜಿ ಸಂಖ್ಯೆ ಇನ್ನೂರ ಏಳು."

ಮರುಕ್ಷಣ ಅವಳ ಫೋನಿಗೆ ಸಂದೇಶ ಬಂದ ಸದ್ದಾಯಿತು. ಅವಳ ನಂಬರಿಗೇ. ಸರಿತಾ ಫೋನನ್ನು ತಾಯಿಯ ಕಿವಿಗೆ ಹಿಡಿದು ಇನ್ನೊಮ್ಮೆ ಕೇಳಿಸಿದಳು. "ಹೂಂ, ನಡಿ ಈಗ, ಬಸ್ಸು ತಪ್ತದ" ಎಂದಳು ದ್ರೌಪತಿ, ಸೆರಗಿನಿಂದ ಮುಖ ಒರೆಸಿಕೊಂಡು.

ಅವರನ್ನು ಬಸ್ಸಿನವರೆಗೆ ಬಿಟ್ಟು ಬಂದು ಮಹಾರುದ್ರಪ್ಪ ಆ ಮೂರು ಬಟನ್ನುಗಳಿಗೆ ಹೆಸರು ಬರೆದ. ಅರ್ಜಿಯ ಹೊತ್ತು ಮುಗಿದು ಪುಟ ಆಗಲೇ ಮುಚ್ಚಿತ್ತು, ಆದರೂ ಬರೆದ. ಮುಕ್ತಾಬಾಯಿಗೆ ಫೋನು ಮಾಡಿ, ಅರ್ಧ ತಾಸು ತಡವಾಗುತ್ತದೆ, ಅಡುಗೆ ಮಾಡಿಡು ಎಂದ. ಗೋಡೆಯ ಕಾಗದವನ್ನು ಇಳಿಸಿ ಮೇಜಿನ ಮೇಲೆ ಬೋರಲು ಹಾಕಿದ. ಅದರ ಬೆನ್ನ ಮೇಲೆ ಮಾರ್ಕರಿನಿಂದ ತನ್ನ ಉಳಿದ ಹನ್ನೆರಡು ವೆಬ್‌ಸೈಟುಗಳ ಹೆಸರು ಬರೆದ. ಆ ಕಾಗದ ಈಗ ಮುಕ್ತಾಬಾಯಿಯ ಹತ್ತಿರ ಇದೆ. ಒಂದು ಹೆಸರಿನ ಮುಂದೆಯೂ ಗುರುತು ಹಾಕಿಲ್ಲ.

ತನ್ನ ಪಾನ್ ಅಂಗಡಿಯ ಬಾಗಿಲು ಎಳೆಯಲು ಹೋದ ಗುರುಲಿಂಗ ಕಂಡದ್ದು ಇಷ್ಟು. ಮಹಾರುದ್ರಪ್ಪ ಪಟ್ಟಿಯ ಮೊದಲನೆಯದನ್ನು, ಕೊಹಿನೂರಿನ ಶಾಲೆಯದನ್ನು ತೆರೆದಿದ್ದ. ಕೈಚಾಚಿ ಪರದೆ ಆರಿಸಿದ. ಸ್ಪೀಕರಿನ ದನಿ ಏರಿಸಿ, ಕಣ್ಣು ಮುಚ್ಚಿ ಕೂತು, ಕೀಬೋರ್ಡಿನ ಕೀಲಿ ಒತ್ತಿ ಕೇಳತೊಡಗಿದ.